ಚೌಕಟ್ಟಣ್ಣನ ಮುಖ

ನಮ್ಮ ಬಳಗದ ತಿಂಗಳ ಸುದ್ದಿಪತ್ರ ಬರೆಯುವವಳು ನಾನು. ಎರಡನೇ ಮಹಡಿಯ ಒಂದೇ ಹಾಲಿನಲ್ಲಿ ಆರು ಮೇಜು ಹಾಕಿಕೊಂಡು ಕೂತ ಆರು ಜನ ಚಿತ್ರಕಾರರ ಸುದ್ದಿ ಅದು: ಯಾರಿಗೆ ಯಾವ ಪುಸ್ತಕದ ಕೆಲಸ ಸಿಕ್ಕಿತು, ಯಾರ ಮುಖಪುಟವನ್ನು ಪ್ರಕಾಶಕರು ಮೂರನೇ ಸಲ ವಾಪಸ್ ಕಳಿಸಿದರು, ಯಾರ ಬೆನ್ನುನೋವು ಎಲ್ಲಿಗೆ ಬಂತು. ಹನ್ನೊಂದು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಸಿಲ್ಲ. ಈ ತಿಂಗಳ ಮೊದಲ ಸುದ್ದಿ ಏನೆಂದರೆ, ಕೆಳಗಿನ ಅಂಗಡಿಯ ಚೌಕಟ್ಟಣ್ಣನ ಬಲಗೈ ಪುಡಿಯಾಗಿದೆ, ಒಂದು ಕಣ್ಣು ಹೋಗಿದೆ. ಹೊಡೆದವರು ಐದು ಜನ. ಹೊಡೆಸಿದವಳು ನಾನು. ಇದನ್ನು ಎರಡು ಸಾಲಿನಲ್ಲಿ ಬರೆದು ಕೈತೊಳೆದುಕೊಳ್ಳಲು ನನ್ನಿಂದಾಗಲಿಲ್ಲ, ಅದಕ್ಕೇ ಇಷ್ಟುದ್ದ.

ಚೌಕಟ್ಟಣ್ಣ ಅಂದರೆ ನಮ್ಮ ಚಿತ್ರಗಳಿಗೆ ಗಾಜು ಹಾಕಿ ಚೌಕಟ್ಟು ಕಟ್ಟಿಕೊಡುವವನು. ಅವನ ಮುಖ ನೋಡಿದರೆ ಎಂಥ ಚಿತ್ರಕಾರನಿಗೂ ಕೈ ತುರಿಸುತ್ತದೆ. ಗಂಟುಬಿದ್ದ ಹುಬ್ಬು, ಪಕ್ಕಕ್ಕೆ ವಾಲಿದ ಮೂಗು, ಎಡಗಣ್ಣಿನ ಮೇಲೆ ಅರ್ಧ ಇಳಿದ ರೆಪ್ಪೆ, ನಡುವೆ ಸೀಳಿದಂತಿರುವ ಗದ್ದ. ತಲೆ ಬೋಳು, ಮನಸ್ಸು ಬೆಣ್ಣೆ. ಇರುವೆ ಸಾಲು ಕಂಡರೆ ಹೆಗಲ ಮೇಲಿನ ಹಲಗೆ ಸಮೇತ ಸುತ್ತು ಹಾಕಿ ಹೋಗುವ ಆಸಾಮಿ. ನಾನು ಚಿತ್ರ ಬರೆಯುವುದು ಮಕ್ಕಳ ಪುಸ್ತಕಗಳಿಗೆ. ಕಥೆಯಲ್ಲಿ ಕೆಟ್ಟವನು ಬಂದಾಗಲೆಲ್ಲ ಕೆಳಗೆ ಓಡಿ, "ಅಣ್ಣಾ, ಒಂದ್ನಿಮಿಷ ಹಲ್ಲು ಕಡಿ" ಎನ್ನುತ್ತಿದ್ದೆ. ಅವನು ಸುತ್ತಿಗೆ ಕೆಳಗಿಟ್ಟು ಹಲ್ಲು ಕಡಿಯುತ್ತಿದ್ದ. ಹೀಗೆ ಹದಿನಾಲ್ಕು ಪುಸ್ತಕಗಳಲ್ಲಿ ಅವನು ಕಳ್ಳ, ಕಟುಕ, ರಾಕ್ಷಸ, ಹಾಲಿಗೆ ವಿಷ ಹಾಕುವ ಮಂತ್ರಿ. ಪುಸ್ತಕ ಅಚ್ಚಾಗಿ ಬಂದ ದಿನ ಅಂಗಡಿಗೆ ಬಂದವರಿಗೆಲ್ಲ ಬಿಡಿಸಿ ತೋರಿಸುತ್ತಿದ್ದ. "ಇದು ನಾನೇ. ನಮ್ಮಕ್ಕ ಬರೆದಿದ್ದು."

ಬರುಬರುತ್ತಾ ನಾನು ಕೆಳಗೆ ಹೋಗುವುದನ್ನೇ ಬಿಟ್ಟೆ. ಕೆಟ್ಟವನು ಅಂದರೆ ಸಾಕು, ಕೈ ತಾನಾಗಿ ಆ ಮುಖಕ್ಕೆ ಇಳಿಯುತ್ತಿತ್ತು. ಅದನ್ನು ಪಳಗಿದ ಕೈ ಎಂದು ನಾನೇ ನನ್ನ ಬೆನ್ನು ತಟ್ಟಿಕೊಂಡಿದ್ದೆ.

ಸೋಮವಾರ ಮಧ್ಯಾಹ್ನ ಹಿಂದಿನ ಬೀದಿಯ ಹೊಲಿಗೆ ಅಂಗಡಿಗೆ ಒಬ್ಬ ನುಗ್ಗಿ, ಒಬ್ಬಳೇ ಕೂತು ಹೊಲಿಯುತ್ತಿದ್ದ ಹೆಂಗಸಿನ ಕತ್ತಿನ ಸರಕ್ಕೆ ಕೈ ಹಾಕಿದ. ಅವಳು ಬಿಡಲಿಲ್ಲ. ಅವನು ಅವಳದೇ ದೊಡ್ಡ ಕತ್ತರಿ ಎತ್ತಿಕೊಂಡು ಕಿವಿಯ ಬುಡದಿಂದ ಬಾಯಿಯ ತುದಿಯವರೆಗೆ ಕೆನ್ನೆ ಸೀಳಿದ. ಅಡ್ಡ ಹಿಡಿದ ಬಲ ಅಂಗೈಗೆ ಅದೇ ಕತ್ತರಿ ಚುಚ್ಚಿ, ಮೇಜಿನ ಮರಕ್ಕೆ ನೆಟ್ಟು ಓಡಿಹೋದ. ಕೂಗು ಕೇಳಿ ಜನ ಬರುವ ಹೊತ್ತಿಗೆ ಯಂತ್ರದಲ್ಲಿದ್ದ ಅರ್ಧ ಹೊಲಿದ ಬಿಳಿ ಅಂಗಿ ಪೂರ್ತಿ ಕೆಂಪಾಗಿತ್ತಂತೆ.

ಮಾರನೇ ದಿನ ಇನ್ಸ್‌ಪೆಕ್ಟರ್ ನಮ್ಮ ಹಾಲಿಗೆ ಬಂದರು. ಆ ಹೆಂಗಸು ಮುಖ ನೋಡಿದ್ದಾಳೆ, ಕೇಳಿ ಬರೆಯುವವರು ಬೇಕು ಎಂದರು. ವ್ಯಂಗ್ಯಚಿತ್ರ ಬರೆಯುವ ಕುಳ್ಳ ಕೈ ಮುಗಿದ. "ನಾನು ಬರೆದ್ರೆ ಕಳ್ಳನ ಮೇಲೆ ನಗು ಬರುತ್ತೆ ಸಾರ್. ಇವಳನ್ನ ಕರ್ಕೊಂಡ್ಹೋಗಿ, ಕೆಟ್ಟವರನ್ನ ಬರೆಯೋದ್ರಲ್ಲಿ ಇವಳನ್ನ ಮೀರಿಸೋರಿಲ್ಲ." ನಾನು ಉಬ್ಬಿಹೋದೆ. ಹೊಸ ಪೆನ್ಸಿಲ್ ಚೂಪು ಮಾಡಿಕೊಂಡು ಹೊರಟೆ.

ಆಸ್ಪತ್ರೆಯಲ್ಲಿ ಅವಳ ಕೆನ್ನೆಗೆ ಮೂವತ್ತೊಂದು ಹೊಲಿಗೆ ಹಾಕಿದ್ದರು. ಬಾಯಿ ಬಿಡುವಂತಿಲ್ಲ. ಅವಳ ತಮ್ಮ ಕಾಲ ಹತ್ತಿರ ಕೂತು ಪಾದ ಹಿಡಿದುಕೊಂಡಿದ್ದ. ಅವಳು ಎಡಗೈಯಿಂದ ಕಾಗದದ ಮೇಲೆ ಕಷ್ಟಪಟ್ಟು ಬರೆದದ್ದು ಎರಡೇ ಮಾತು: ಉದ್ದ ಕೂದಲು, ಗಡ್ಡ. ಮಿಕ್ಕಿದ್ದಕ್ಕೆ ನಾನು ಕೇಳಬೇಕು, ಅವಳು ತಲೆ ಆಡಿಸಬೇಕು.

ನಾನು ಕೇಳಿ ಬರೆಯಬೇಕಿತ್ತು. ಬರೆದು ಕೇಳಿದೆ. ಹುಬ್ಬು ಎಳೆದು, "ಹುಬ್ಬು ಹೀಗೆ ಗಂಟಾಗಿತ್ತಾ?" ಎಂದೆ. ಹೌದೆಂದು ತಲೆ ಆಡಿಸಿದಳು. ಮೂಗು ಎಳೆದು, "ಸ್ವಲ್ಪ ವಾಲಿತ್ತಾ?" ಎಂದೆ. ಆಡಿಸಿದಳು. "ಒಂದು ರೆಪ್ಪೆ ಇಳಿದಿತ್ತಾ?" ಅವಳು ತುಸು ತಡೆದಳು. ನೋವಿನ ಔಷಧಿಗೆ ಕಣ್ಣು ಎಳೆಯುತ್ತಿತ್ತು. ಆಮೇಲೆ ಅದಕ್ಕೂ ಆಡಿಸಿದಳು. ಅದರ ಮೇಲೆ ಕೂದಲು, ಗಡ್ಡ ಹಚ್ಚಿದೆ. ಮುಗಿದ ಚಿತ್ರ ತಿರುಗಿಸಿ ತೋರಿಸಿದಾಗ ಅವಳ ಮೈಯೆಲ್ಲ ನಡುಗಿ ಹಾಸಿಗೆ ಒದ್ದೆಯಾಯಿತು. "ಇವನೇನಾ?" ಎಂದು ಇನ್ಸ್‌ಪೆಕ್ಟರ್ ಕೇಳಿದರು. ಹೌದೆಂದಳು. ನನ್ನ ಚಿತ್ರ ನೋಡಿ ಒಬ್ಬಳು ಅಷ್ಟು ಹೆದರಿದಳಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಆ ಹೆಮ್ಮೆ ನೆನೆದರೆ ಈಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ಬುಧವಾರ ಆ ಚಿತ್ರ ಬೀದಿಬೀದಿಯ ಗೋಡೆಯ ಮೇಲಿತ್ತು. ಠಾಣೆಗೆ ಒಂದೇ ಸಮನೆ ಫೋನು. ಎಲ್ಲರದೂ ಒಂದೇ ಮಾತು: ಇವನನ್ನು ಎಲ್ಲೋ ನೋಡಿದ್ದೇವೆ. ನೋಡದೆ ಏನು, ಮಕ್ಕಳಿರುವ ಮನೆಗಳಲ್ಲೆಲ್ಲ ನನ್ನ ಪುಸ್ತಕಗಳಿದ್ದವು. ನಾವು ಆರು ಜನ ಮಾತ್ರ ಆ ಗೋಡೆಯ ಮುಂದೆ ಟೀ ಕುಡಿಯುತ್ತಾ ನಿಂತು ನೆರಳು ಚೆನ್ನಾಗಿ ಬಂದಿದೆ, ಗಡ್ಡದ ಗೆರೆ ಸ್ವಲ್ಪ ಹೆಚ್ಚಾಯಿತು ಎಂದೆಲ್ಲ ಮಾತಾಡಿಕೊಂಡೆವು. ದಿನಾ ಕಾಣುವ ಮುಖ ಕಣ್ಣಿಗೆ ಬೀಳುವುದೇ ಇಲ್ಲ.

ಗುರುವಾರ ಬೆಳಿಗ್ಗೆ ಆ ಹೆಂಗಸಿನ ತಮ್ಮ ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ಅಂಗಡಿ ಅಂಗಡಿ ಸುತ್ತುತ್ತಾ ಚೌಕಟ್ಟಣ್ಣನಲ್ಲಿಗೂ ಬಂದ. ನಡೆದದ್ದನ್ನು ಆಮೇಲೆ ಎದುರಿನ ಗುಂಡಿ-ದಾರದ ಅಂಗಡಿಯವಳು ನನಗೆ ಹೇಳಿದಳು. ಚೌಕಟ್ಟಣ್ಣ ತುಟಿಗಳ ನಡುವೆ ಮೊಳೆ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದನಂತೆ. ಎರಡು ದಿನದಿಂದ ಅಂಗಡಿ ಬಿಟ್ಟು ಕದಲಿರಲಿಲ್ಲ, ಗೋಡೆ ನೋಡಿರಲಿಲ್ಲ. ಆ ತಮ್ಮ ಗೋಡೆಯ ಚಿತ್ರವನ್ನು ಚಾಚಿ, "ಇವನನ್ನ ನೋಡಿದ್ದೀರಾ?" ಎಂದ. ಚೌಕಟ್ಟಣ್ಣ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು, ಕನ್ನಡಕ ಏರಿಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯೋ, ಇದು ನಾನೇ ಕಣಪ್ಪಾ. ಕೂದಲು ಗಡ್ಡ ಅಂಟಿಸಿಬಿಟ್ಟಿದ್ದಾರೆ ಅಷ್ಟೆ. ಈ ಸಲ ಯಾರ ಕತ್ತು ಕುಯ್ದಿದ್ದೀನಂತೆ?"

ಮೊದಲ ಏಟು ಅದೇ ನಗುವ ಬಾಯಿಗೆ ಬಿತ್ತು.

ಮೇಲೆ ನಮಗೆ ಸದ್ದು ಕೇಳುತ್ತಲೇ ಇತ್ತು. ಹಳೆಯ ಚೌಕಟ್ಟು ಒಡೆಯುತ್ತಿದ್ದಾನೆ ಎಂದುಕೊಂಡೆವು. ಗಾಜು ಒಂದೇ ಸಮನೆ ಸಿಡಿಯತೊಡಗಿದಾಗ ನಾನು ಬೈಯುತ್ತಲೇ ಮೆಟ್ಟಿಲಿಳಿದೆ. ಇಬ್ಬರು ಅವನನ್ನು ಕೆಲಸದ ಮೇಜಿಗೆ ಅದುಮಿ ಹಿಡಿದಿದ್ದರು. ಹಲಗೆಗಳನ್ನು ಬಿಗಿಹಿಡಿಯುವ ಕಬ್ಬಿಣದ ವೈಸಿನಲ್ಲಿ ಅವನ ಬಲಗೈ ಇತ್ತು, ಮೂರನೆಯವನು ಎರಡೂ ಕೈಯಲ್ಲಿ ಹಿಡಿ ತಿರುಗಿಸುತ್ತಿದ್ದ. ಬೆರಳುಗಳು ಒಂದೊಂದಾಗಿ ಮುರಿದ ಸದ್ದು ನಾನು ಕೇಳಿದೆ. ನಾಲ್ಕನೆಯವನು ಅವನದೇ ಸುತ್ತಿಗೆಯಿಂದ ಮೊಣಕಾಲಿಗೆ ಬಾರಿಸುತ್ತಿದ್ದ. ತಮ್ಮ ಅವನ ತಲೆಯನ್ನು ಹಿಡಿದು, ನನ್ನದೇ ಒಂದು ಚಿತ್ರಕ್ಕೆ ಹಾಕಿಟ್ಟಿದ್ದ ಗಾಜಿಗೆ ಚಚ್ಚಿದ. ಮತ್ತೆ ಎತ್ತಿ ಮತ್ತೆ ಚಚ್ಚಿದ. ಬಲಗಣ್ಣಿದ್ದ ಜಾಗದಿಂದ ಏನೋ ಇಳಿಯುತ್ತಿತ್ತು.

ಮಧ್ಯೆ ನುಗ್ಗಿದೆ. ಒಬ್ಬನ ಕೈ ಕಚ್ಚಿದೆ, ರಕ್ತದ ರುಚಿ ಬರುವಷ್ಟು ಕಚ್ಚಿದೆ. ಅವನು ಕೊಡವಿದ ರಭಸಕ್ಕೆ ನೆಲಕ್ಕೆ ಬಿದ್ದೆ. ಬಿದ್ದ ಕಡೆ ಅವರು ತಂದಿದ್ದ ನನ್ನ ಚಿತ್ರ ಇತ್ತು, ಅದರ ಪಕ್ಕದಲ್ಲೇ ಮೇಜಿನಿಂದ ಜೋತುಬಿದ್ದ ಚೌಕಟ್ಟಣ್ಣನ ಮುಖ. ಅದೇ ಮೂಗು, ಅದೇ ಗದ್ದ, ಅರ್ಧ ಇಳಿದ ಅದೇ ರೆಪ್ಪೆ. ನನಗೆ ಆಗ ಕಂಡಿತು.

"ಇದು ಅವನಲ್ಲ, ನಾನು ಬರೆದದ್ದೇ ತಪ್ಪು" ಎಂದು ಅರಚಿದೆ.

ತಮ್ಮ ನನ್ನ ಗುರುತು ಹಿಡಿದು ಕೈ ಕೊಟ್ಟು ಎಬ್ಬಿಸಿದ. ಕೈ ಮೊಣಕೈವರೆಗೆ ರಕ್ತ. "ಇಲ್ಲ ಅಕ್ಕ, ಸರಿಯಾಗೇ ಬರೆದಿದ್ದೀರಿ. ನಾನೇ ಅಂತ ಅವನೇ ಒಪ್ಕೊಂಡ."

ಪೊಲೀಸರೂ ಅದನ್ನೇ ಹೇಳಿದರು. ಚಿತ್ರ ಹೊಂದುತ್ತದೆ, ಹೆಂಗಸು ಚಿತ್ರವನ್ನು ಗುರುತಿಸಿದ್ದಾಳೆ, ಐದು ಜನರ ಮುಂದೆ ಒಪ್ಪಿಕೊಂಡಿದ್ದಾನೆ, ಸೋಮವಾರ ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬನೇ ಇದ್ದ. ಕೂದಲು ಗಡ್ಡ ಕಟ್ಟಿಕೊಳ್ಳುವುದು ದೊಡ್ಡ ಕೆಲಸವಲ್ಲ. ಆಸ್ಪತ್ರೆಯಲ್ಲಿ ಅವನ ಮುರಿಯದ ಎಡಗೈಯನ್ನು ಮಂಚಕ್ಕೆ ಬೇಡಿ ಹಾಕಿ ಕಟ್ಟಿದ್ದರು. ಬಾಗಿಲಲ್ಲಿ ಅವನ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ನನ್ನ ಜುಟ್ಟು ಹಿಡಿದು ಗೋಡೆಗೆ ಎರಡು ಸಲ ಗುದ್ದಿದಳು. ನಾನು ಬಿಡಿಸಿಕೊಳ್ಳಲಿಲ್ಲ.

"ನಿನ್ನ ಪುಸ್ತಕಕ್ಕೆ ಅವರ ಮುಖ ಕೊಟ್ವಿ" ಎಂದಳು. "ಜೀವಾನೂ ಬೇಕಾ ನಿನಗೆ?"

ವಾಪಸ್ ನಮ್ಮ ಹಾಲಿಗೆ ಬಂದರೆ ಕುಳ್ಳ ನನಗೆ ಬುದ್ಧಿ ಹೇಳಲು ಬಂದ. "ಸುಮ್ನಿರು. ನೀನು ತಪ್ಪು ಬರೆದೆ ಅಂತ ಊರಿಗೆ ಗೊತ್ತಾದ್ರೆ ಅಣ್ಣನ ಕಡೆಯವರೆಲ್ಲ ನಾಳೆ ಇಲ್ಲಿಗೇ ನುಗ್ತಾರೆ. ಸತ್ಯ ತಾನಾಗೇ ಹೊರಗೆ ಬರುತ್ತೆ." ಕೈಗೆ ಸಿಕ್ಕ ಮಸಿ ಬಾಟಲಿ ಬೀಸಿದೆ. ಅವನ ಹಣೆ ಒಡೆದು ಮೂರು ಹೊಲಿಗೆ ಬಿತ್ತು. ಅದಕ್ಕೆ ಮಾತ್ರ ನನಗೆ ಪಶ್ಚಾತ್ತಾಪವಿಲ್ಲ. ಠಾಣೆಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟೆ. ಇನ್ಸ್‌ಪೆಕ್ಟರ್ ಓದಿ, "ನೋಡಿದವರು ನೀವಲ್ಲವಲ್ಲಮ್ಮ" ಎಂದರು. "ಆಕೆ ಇವನಲ್ಲ ಅಂದ್ರೆ ಈಗಲೇ ಬೇಡಿ ಬಿಚ್ತೀನಿ."

ಶನಿವಾರ ಹದಿನಾಲ್ಕೂ ಪುಸ್ತಕ ಹೊತ್ತು ಅವಳ ಹಾಸಿಗೆಯ ಹತ್ತಿರ ಹೋದೆ. ಇನ್ಸ್‌ಪೆಕ್ಟರ್ ಜೊತೆಗಿದ್ದರು. ಹೊಡೆದದ್ದಕ್ಕೆ ಪೊಲೀಸರು ಹಿಡಿದಿದ್ದ ಅವಳ ತಮ್ಮ, ಕಾನ್‌ಸ್ಟೇಬಲ್ ಪಕ್ಕ ಬೆಂಚಿನ ಮೇಲಿದ್ದ. ಅವಳು ಬಾಯಿಯ ಒಂದು ಪಕ್ಕದಿಂದ ಅಷ್ಟಿಷ್ಟು ಮಾತಾಡುವಷ್ಟಾಗಿದ್ದಳು. ನಾನು ಪುಸ್ತಕಗಳನ್ನು ಒಂದೊಂದಾಗಿ ಬಿಡಿಸಿ ಹೊದಿಕೆಯ ಮೇಲೆ ಇಟ್ಟೆ. ಇದು ಒಂಬತ್ತು ವರ್ಷದ ಹಿಂದೆ ಬರೆದ ಕಟುಕ. ಇದು ಆರು ವರ್ಷದ ಹಿಂದಿನ ಕಳ್ಳ. ಇದು ಹೋದ ವರ್ಷದ ರಾಕ್ಷಸ. ಇದು ನಿಮಗೆ ತೋರಿಸಿದ್ದು. ಅವಳು ಬ್ಯಾಂಡೇಜಿನ ಕೈಯಿಂದ ಪುಟದಿಂದ ಪುಟಕ್ಕೆ ರೆಪ್ಪೆಗಳನ್ನು ಮುಟ್ಟುತ್ತಾ ಹೋದಳು.

"ನೀವು ಕೇಳಿದ್ರಿ" ಎಂದಳು. "ನಾನು ಹೂಂ ಅಂದೆ. ನಂಗೆ ಸಾಕಾಗಿಹೋಗಿತ್ತು."

ಇನ್ಸ್‌ಪೆಕ್ಟರ್ ಕಡೆ ತಿರುಗಿ, "ಇವನಲ್ಲ" ಎಂದಳು. ಎಡಗೈಯಲ್ಲಿ ರುಜು ಹಾಕಿದಳು. ಬೆಂಚಿನ ಮೇಲೆ ತಮ್ಮ ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡು ತೊಡೆಗಳ ಕೆಳಗೆ ಅಡಗಿಸಿದ. ಚೌಕಟ್ಟಣ್ಣನ ಬೇಡಿ ಬಿಚ್ಚುತ್ತಾರೆ, ಅತ್ತಿಗೆ ಅವನನ್ನು ಮನೆಗೆ ಕರೆದುಕೊಂಡು ಹೋಗಬಹುದು ಎಂದು ನನಗೆ ಉಸಿರು ಬಂತು. ಪುಸ್ತಕ ಜೋಡಿಸಿಕೊಂಡು ಏಳುವಾಗ ಅವಳು ನನ್ನ ಮಣಿಕಟ್ಟು ಹಿಡಿದಳು. ಉಗುರು ಚರ್ಮದೊಳಗೆ ಇಳಿಯಿತು.

"ಕೂತ್ಕೊಳಿ. ಈಗ ಸರಿಯಾಗಿ ಕೇಳಿ."

ಹೊಸ ಕಾಗದ ತೆಗೆದೆ. ಪೆನ್ಸಿಲನ್ನು ಕಾಗದಕ್ಕೆ ಮುಟ್ಟಿಸದೆ ಹಿಡಿದುಕೊಂಡೆ. ಅವನ ಹುಬ್ಬು ಹೇಗಿತ್ತು ಎಂದೆ, ಅಷ್ಟೇ. ಅವಳು ಕಣ್ಣು ಮುಚ್ಚಿದಳು.

"ಗೊತ್ತಿಲ್ಲ."

ಮೂಗು ಹೇಗಿತ್ತು ಎಂದೆ. ಗೊತ್ತಿಲ್ಲ. ಕಣ್ಣು? ಗೊತ್ತಿಲ್ಲ. ಬಾಯಿ, ಕಿವಿ, ಹಣೆ, ಕೆನ್ನೆಯ ಮೂಳೆ, ಒಂದೊಂದನ್ನೂ ಕೇಳಿದೆ. ಅವಳ ಹೊಲಿಗೆಗಳ ಮೇಲೆ ನೀರು ಇಳಿಯುತ್ತಿತ್ತು. ಕಾಗದ ಬೆಳ್ಳಗೇ ಇತ್ತು.

"ಸೋಮವಾರ ಅವನು ನನ್ನ ಕಣ್ಣೊಳಗೇ ಇದ್ದ" ಎಂದಳು. "ಈಗ ಕಣ್ಣು ಮುಚ್ಚಿದ್ರೆ ನಿಮ್ಮ ಚೌಕಟ್ಟಿನವನೇ ಬರ್ತಾನೆ. ಅವನೇ ಕತ್ತರಿ ಎತ್ತುತ್ತಾನೆ."