ಗದ್ದುಗೆಯ ಬುಡದ ಬಿಲ

ಗೆಣಸಿನ ಮಡಿ ಮತ್ತೆ ಬುಡಮೇಲಾಗಿತ್ತು. ಬಾಗಿಲು ತೆರೆಯುವ ಮುನ್ನ ಸೌಂದರ್ಯಾ ಕಿಟಕಿಯಿಂದಲೇ ಹಿತ್ತಲನ್ನೆಲ್ಲ ನೋಡಿದಳು. ಮೊದಲು ಮಗಳು ಆರತಿ ಆಡುವ ಜಾಗ, ಆಮೇಲೆ ಬಚ್ಚಲುಮನೆಯ ಹಿಂಭಾಗ, ಕೊನೆಗೆ ಮಾವನ ಗದ್ದುಗೆ. ತಾರಿಹಾಳದ ಕಾರ್ಖಾನೆಗಳ ಸಾಲು ಮುಗಿದ ಮೇಲೆ ಸಿಗುವ ಹೊಲದ ಮನೆ ಅದು. ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಂದೇ ಮನೆ.

ಹಿಂದಿನ ವಾರ ಮುಳ್ಳುಹಂದಿಯ ಮೇಲೆ ಹಾರಿದ ಮನೆಯ ನಾಯಿ ಒಂದು ಕಣ್ಣು ಕಳೆದುಕೊಂಡಿತ್ತು. ಮುಳ್ಳನ್ನು ಇಕ್ಕಳದಿಂದ ಕಿತ್ತವಳು ಸೌಂದರ್ಯಾಳೇ. ಮರುದಿನ ಆರತಿ ಅಂಥದೇ ಇನ್ನೊಂದು ಮುಳ್ಳನ್ನು ಹಲ್ಲಲ್ಲಿ ಕಚ್ಚಿಕೊಂಡು ಅಡುಗೆಮನೆಗೆ ಬಂದಳು. ಮುಳ್ಳುಹಂದಿಯ ಮುಳ್ಳು ಒಳಗೆ ಬಂದರೆ ಮನೆಯಲ್ಲಿ ಜಗಳ ಹುಟ್ಟುತ್ತದೆ ಎಂದು ಅತ್ತೆ ಮುದಕವ್ವ ಅದನ್ನು ಒಲೆಗೆ ಎಸೆದಳು. ಹಾಲು ಕೊಡಲು ಬಂದಿದ್ದ ಪಕ್ಕದ ಮನೆಯ ಗುಲ್ಜಾರಬಿ ನಕ್ಕುಬಿಟ್ಟಳು. "ಅತ್ತಿ ಸೊಸಿ ಇರೋ ಮನಿಗೆ ಮುಳ್ಳ ಹೊರಗಿಂದ ಯಾಕ ಬರಬೇಕವಾ?"

ಯಾರೂ ನಗಲಿಲ್ಲ.

ಅರಣ್ಯ ಇಲಾಖೆಗೆ ಸೌಂದರ್ಯಾ ಫೋನ್ ಮಾಡಿದ್ದಳು. ಕೊಲ್ಲಬೇಡಿ, ಹೊರಗೆ ಓಡಿಸಿ ಬಿಲ ಮುಚ್ಚಿ ಅಂದರು. ಓಡಿಸಲು ಹೊಗೆಯೊಂದೇ ದಾರಿ: ಸಗಣಿ ಕುಳ್ಳಿನ ಕೆಂಡದ ಮೇಲೆ ಮೆಣಸಿನಕಾಯಿ ಸುರಿದು ಬಿಲದ ಬಾಯಿಗಿಟ್ಟು ಬೀಸುವುದು. ಆದರೆ ಬಿಲದ ಬಾಯಿ ಇದ್ದದ್ದು ಮಾವ ಶಾಂತಯ್ಯನ ಗದ್ದುಗೆಯ ಬುಡದಲ್ಲಿ. ತೀರಿಹೋದ ಮಾವನನ್ನು ಅಲ್ಲಿಯೇ, ಪೂಜೆಗೆ ಕೂತ ಭಂಗಿಯಲ್ಲಿ ಇಟ್ಟು ಮಣ್ಣು ಮಾಡಿದ್ದರು. ಮುದಕವ್ವ ದಿನಾ ಅಲ್ಲಿ ನೀರು ಚಿಮುಕಿಸಿ, ಪತ್ರೆ ಏರಿಸಿ, ಗಂಡನಿಗೆ ಮನೆಯ ಸುದ್ದಿ ಹೇಳುತ್ತಿದ್ದಳು. ಸೊಸೆಯ ಸುದ್ದಿಯನ್ನು ಸ್ವಲ್ಪ ಜೋರಾಗಿ ಹೇಳುತ್ತಿದ್ದಳು.

ಹೊಗೆಯ ಮಾತು ತೆಗೆದ ದಿನ ಅವಳು ಬಿಲದ ಬಾಯಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. "ನಾವು ಮಣ್ಣ ಕೊಡೋ ಮಂದಿ. ಸತ್ತಮ್ಯಾಲೆ ನನ್ನ ಗಂಡಗ ಬೆಂಕಿ ಹಚ್ಚತೀಯೇನು?"

ಮಗುವಿಗೆ ಏನಾದರೂ ಆದರೆ ಯಾರು ಹೊಣೆ ಎಂದು ಸೌಂದರ್ಯಾ ಕೇಳಿದಳು. ಮಗುವನ್ನು ಕಾಯುವುದು ತಾಯಿಯ ಕೆಲಸ, ಸತ್ತವರನ್ನು ಕಾಯುವುದು ನನ್ನದು ಎಂದಳು ಅತ್ತೆ. ಕಾರ್ಖಾನೆಯಿಂದ ಬಂದ ಗಂಡ ಪ್ರಸಾದ ಇಬ್ಬರ ಮಾತನ್ನೂ ಕೇಳಿ, ಊಟ ಮಾಡಿ ಮಲಗಿದ.

ಈಗ ಬುಡಮೇಲಾದ ಗೆಣಸಿನ ಮಡಿಯನ್ನು ದಾಟಿ ಹೋಗುವಾಗ, ಗದ್ದುಗೆಯಿಂದ ಬರುವ ಕಾಲುಹಾದಿಯಲ್ಲಿ ಸೌಂದರ್ಯಾಳಿಗೆ ಒಂದು ಎಲುಬು ಸಿಕ್ಕಿತು. ಮೊಳದುದ್ದ, ಎರಡೂ ತುದಿಗೆ ಹಲ್ಲಿನ ಗೆರೆ. ಮುಳ್ಳುಹಂದಿ ಎಲುಬು ಹೊತ್ತು ತಂದು ಕಡಿಯುತ್ತದೆಂದು ಅವಳು ಓದಿದ್ದಳು. ಕಾರ್ಖಾನೆಗಳ ಹಿಂದಿನ ಹಳ್ಳದಲ್ಲಿ ಸತ್ತ ಎಮ್ಮೆಯೊಂದು ಬೇಸಿಗೆಯಿಂದ ಬಿದ್ದಿತ್ತು. ಬಸ್ಸಿಗೆ ಹೋಗುವಾಗೆಲ್ಲ ಮೂಗು ಮುಚ್ಚಿಕೊಂಡು ಅದನ್ನು ದಾಟಿದ್ದಳು. ಕೈಯಲ್ಲಿದ್ದದ್ದು ಮನುಷ್ಯನ ಎಲುಬಿಗಿಂತ ಬಹಳ ದಪ್ಪ. ಅದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಎಲುಬನ್ನು ತೊಳೆದು, ಪತ್ರೆ ಹರಿಯುತ್ತ ಕೂತಿದ್ದ ಅತ್ತೆಯ ಮುಂದಿಟ್ಟಳು.

"ಅತ್ತೀ, ಇದು ಗದ್ದಿಗಿ ಕಡೀಂದ ಬಂದೈತ್ರಿ."

ಅಷ್ಟೇ ಹೇಳಿದಳು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಮುದಕವ್ವ ಪತ್ರೆಯನ್ನು ಪಕ್ಕಕ್ಕೆ ಸರಿಸಿ ಎಲುಬನ್ನು ಕೈಗೆತ್ತಿಕೊಂಡಳು. ಆಮೇಲೆ ಸೆರಗಿನಿಂದ ಒರೆಸಿದಳು. ವಿಭೂತಿ ತಂದು ಉದ್ದಕ್ಕೂ ಹಚ್ಚಿದಳು. ಸೌಂದರ್ಯಾ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಲೇ ಇದ್ದಳು, ಬಾಯಿ ಬಿಡಲಿಲ್ಲ. ಎಲುಬನ್ನು ಮಡಿಲಲ್ಲಿ ಇಟ್ಟುಕೊಂಡೇ ಮುದಕವ್ವ ಮಗನನ್ನು ಕರೆದಳು.

"ಹಾಕು ಹೊಗಿ. ಅವರನ್ನ ಕಡಕೊಂಡು ತಿನ್ನೋದಕಿಂತ ಅದ ಛಲೋ."

ಪ್ರಸಾದ ಗಡಿಗೆಯಲ್ಲಿ ಕೆಂಡ ತಂದಿಟ್ಟು, ಮೆಣಸಿನಕಾಯಿ ಸುರಿದು, ಮೊರದಿಂದ ಬೀಸಿದ. ಮುದಕವ್ವ ಗದ್ದುಗೆಗೆ ಬೆನ್ನು ತಿರುಗಿಸಿ ನಿಂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆರತಿಯನ್ನು ಕಂಕುಳಲ್ಲಿ ಹೊತ್ತ ಸೌಂದರ್ಯಾ ಗದ್ದುಗೆಯನ್ನೇ ನೋಡುತ್ತಿದ್ದಳು. ಗಡಿಗೆ ಬಿಟ್ಟರೆ ಗದ್ದುಗೆಯ ಸುತ್ತ ಬೇರೆಲ್ಲಿಯೂ ಹೊಗೆ ಏಳಲಿಲ್ಲ. ಎದ್ದದ್ದು ಅವಳ ಬೆನ್ನ ಹಿಂದೆ, ಬಚ್ಚಲುಮನೆಯ ಹಾಸುಗಲ್ಲಿನ ಸಂದಿಯಿಂದ.

ಕಲ್ಲಿನ ಬದಿಯ ಮಣ್ಣು ಒಮ್ಮೆಲೇ ಒಡೆದು ಪ್ರಾಣಿ ಹೊರಬಿತ್ತು. ಮುಳ್ಳು ಕೆದರಿ, ಝಲ್ಲೆಂದು ಬಾಲ ಬಡಿದು, ಹಿಂಭಾಗ ಮುಂದು ಮಾಡಿ ನಾಯಿಯ ಕಡೆಗೆ ಎರಡು ಹೆಜ್ಜೆ ನುಗ್ಗಿತು. ನಾಯಿ ಊಳಿಡುತ್ತ ಕಟ್ಟೆಯ ಮೇಲೆ ಹತ್ತಿತು. ಮುಳ್ಳುಹಂದಿ ತಿರುಗಿ ಹಳ್ಳದ ದಿಕ್ಕಿಗೆ ಓಡಿಹೋಯಿತು.

ಪ್ರಸಾದ ಹಾಸುಗಲ್ಲು ಎಬ್ಬಿಸಿದ. ಬಿಲ ಗದ್ದುಗೆಯ ಒಳಕ್ಕೆ ಹೋಗಿರಲೇ ಇಲ್ಲ; ಬುಡದಲ್ಲೇ ತಿರುಗಿ ಮನೆಯ ಕಡೆಗೆ ಬಂದಿತ್ತು. ಕಲ್ಲಿನ ಕೆಳಗೆ ಎಲುಬಿನ ರಾಶಿ. ಪಕ್ಕೆಲುಬು, ಗೊರಸು, ಹಲ್ಲು ಸಮೇತ ಎಮ್ಮೆಯ ದವಡೆ. ಮುದಕವ್ವ ವಿಭೂತಿ ಹಚ್ಚಿದ ಎಲುಬನ್ನು ರಾಶಿಯಲ್ಲಿದ್ದ ಇನ್ನೊಂದರ ಪಕ್ಕಕ್ಕಿಟ್ಟು ನೋಡಿದಳು. ಎರಡೂ ಒಂದೇ ಥರ ಇದ್ದವು.

"ಸಾಲಿ ಕಲತಾಕಿ ನೀ. ಎಮ್ಮಿ ಎಲುಬ ಗುರುತ ಹತ್ತಲಿಲ್ಲೇನು?"

"ಮಾವನವರದು ಅಂತ ನಾ ಅಂದಿಲ್ರಿ."

"ಅಂದಿಲ್ಲ. ಖರೇ ಐತಿ. ಅಂದಿದ್ರ ಒಂದ್ ಸುಳ್ಳ ಹೇಳಿದ್ಲು ಅಂತ ಬಿಡತಿದ್ದೆ. ಎಮ್ಮಿ ಎಲುಬಿಗೆ ನಾ ಇಭೂತಿ ಹಚ್ಚೋದನ್ನ ನಿಂತ ನೋಡಿದಿ." ಮುದಕವ್ವನ ದನಿ ಏರಲಿಲ್ಲ. ಮಗನ ಕಡೆ ತಿರುಗಿದಳು. "ಕೇಳು ಪ್ರಸಾದ. ನಾ ಹೋದ ದಿನಾ ಎಲ್ಲಾರೂ ಹಿಡಿ ಹಿಡಿ ಮಣ್ಣ ಹಾಕ್ತೀರಿ. ಈಕಿ ಕೈಯಾನ ಮಣ್ಣ ನನ್ನ ಮ್ಯಾಲೆ ಬೀಳಬಾರದು."

ಪ್ರಸಾದ ಹೆಂಡತಿಯನ್ನು ನೋಡಿದ. ಆಮೇಲೆ "ಹೂಂ ಯವ್ವಾ" ಅಂದ.

ಸೌಂದರ್ಯಾ ಮಗುವನ್ನು ಅವನ ಕೈಗೆ ಕೊಟ್ಟಳು. ಪ್ರಾಣಿ ಮರಳಿ ಬರುವ ಮೊದಲು ಬಿಲ ಮುಚ್ಚಬೇಕಿತ್ತು. ಬಚ್ಚಲ ಕೆಳಗಿನ ತೂತಿಗೆ ತಾನೇ ಕಲ್ಲು ಹೊತ್ತು ತುಂಬಿದಳು, ಮಣ್ಣೆಳೆದು ತುಳಿದಳು. ಆಮೇಲೆ ಮಣ್ಣಿನ ಬುಟ್ಟಿ ಎತ್ತಿಕೊಂಡು ಗದ್ದುಗೆಯ ಕಡೆ ಹೊರಟಳು. ಮುದಕವ್ವ ಆಗಲೇ ಅಲ್ಲಿ ಮೊಣಕಾಲೂರಿ, ಬರಿಗೈಯಲ್ಲಿ ಬಿಲದ ಬಾಯಿಗೆ ಮಣ್ಣು ಎಳೆಯುತ್ತಿದ್ದಳು. ಸೊಸೆಯ ನೆರಳು ಬಿದ್ದಾಗ ಕೈ ನಿಲ್ಲಿಸಿದಳು. ಸೌಂದರ್ಯಾ ಹಿಂದೆ ಸರಿಯುವ ತನಕ ಮತ್ತೆ ಮಣ್ಣು ಮುಟ್ಟಲಿಲ್ಲ.