ಹೂಂಗುಟ್ಟದ ಪೆಟ್ಟಿಗೆ

ತೊಳೆದ ಬಟ್ಟೆ ಇನ್ನೂ ಅರ್ಧ ಬಕೆಟ್ ಇತ್ತು. ಪುಟ್ಟಿಯ ಅಮ್ಮ ಬಾಲ್ಕನಿಯಲ್ಲಿ ನಿಂತು ಬೆಡ್‌ಶೀಟ್ ಹಿಂಡುತ್ತಿದ್ದಾಗಲೇ ಕರೆಗಂಟೆ ಸದ್ದು ಮಾಡಿತು. ಹತ್ತಕ್ಕೆ ಬರುತ್ತೇನೆಂದಿದ್ದ ಲೈಬ್ರರಿಯಾಕೆ ಒಂಬತ್ತಕ್ಕೇ ಬಾಗಿಲಲ್ಲಿದ್ದಳು, ಹೆಗಲಲ್ಲಿ ರೆಕಾರ್ಡ್ ಮಾಡುವ ಪೆಟ್ಟಿಗೆ.

ಆ ಕಟ್ಟಡದ ನಾಲ್ಕು ಮಹಡಿಯಲ್ಲಿ ಒಂಬತ್ತು ದೇಶದ ಸಂಸಾರಗಳು. ಅವರೆಲ್ಲ ತಮ್ಮ ಜೊತೆ ಗಂಟು ಕಟ್ಟಿಕೊಂಡು ಬಂದ ಹಾಡು, ಕಥೆಗಳನ್ನು ಕೂಡಿಡುವುದು ಲೈಬ್ರರಿಯಾಕೆಯ ಕೆಲಸ. ಕೆಳಮನೆಯ ಕ್ಷೌರಿಕ ಡೋಲು ಬಾರಿಸಿಯಾಗಿತ್ತು. ಮೇಲ್ಮನೆಯ ದರ್ಜಿಯ ಹೆಂಡತಿ ಜೋಗುಳ ಹಾಡುತ್ತಾ ತಾನೇ ತೂಕಡಿಸಿದ್ದಳು. ಉಳಿದದ್ದು ಪುಟ್ಟಿಯ ಅಜ್ಜಿಯ ಕಥೆಯೊಂದೇ. ಇವತ್ತೇ ಕೊನೆಯ ದಿನ.

ಅಜ್ಜಿಯ ಹೆಸರು ಬರೆಸಿದ್ದು ಪುಟ್ಟಿಯ ಅಮ್ಮನೇ. ಐದು ವರ್ಷದ ಪುಟ್ಟಿಗೆ ಮನೆಮಾತು ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಶಾಲೆಯ ಭಾಷೆಯಲ್ಲೇ. ‘ಮಗಳ ಬಾಯಲ್ಲಂತೂ ಉಳಿಯಲಿಲ್ಲ, ಪೆಟ್ಟಿಗೆಯಲ್ಲಾದರೂ ಉಳಿಯಲಿ’ ಎಂದುಕೊಂಡಿದ್ದಳು ಅಮ್ಮ.

ಲೈಬ್ರರಿಯಾಕೆ ಗುಂಡಿ ಒತ್ತಿ ತುಟಿಯ ಮೇಲೆ ಬೆರಳಿಟ್ಟಳು: ಯಾರೂ ಪಿಟಿಕ್ಕೆನ್ನಬಾರದು. ಪುಟ್ಟಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅಜ್ಜಿಯ ಮಂಚದ ಬುಡದಲ್ಲಿ ಕೂತಳು.

“ಒಬ್ಳು ಮುದುಕಿ ಇದ್ಲು,” ಎಂದು ಅಜ್ಜಿ ನಿಲ್ಲಿಸಿದಳು. ಕಾದಳು. “ಅವಳು ಒಂದಿನ, ತನ್ನ ನೆರಳು ಕೊಳೆಯಾಗಿದೆ ಅಂತ ಅದನ್ನ ಒಗೆದು ಹಗ್ಗದ ಮೇಲೆ ಒಣಗಹಾಕಿದ್ಲು.” ಮತ್ತೆ ಕಾದಳು. “ಏನು, ಎಲ್ಲರ ಬಾಯಿಗೂ ಬೀಗ ಬಿದ್ದಿದೆಯಾ? ಹೂಂ ಅನ್ನೋರಿಲ್ದೆ ಕಥೆ ಮುಂದಕ್ಕೆ ಹೋಗೋದು ಹೇಗೆ?”

“ಅಮ್ಮಾ, ಪೆಟ್ಟಿಗೆ ಕೇಳಿಸ್ಕೊಳ್ತಾ ಇದೆ,” ಎಂದಳು ಪುಟ್ಟಿಯ ಅಮ್ಮ.

“ಕೇಳಿಸ್ಕೊಂಡ್ರೆ ಹೂಂ ಅನ್ಲಿ.”

ಪುಟ್ಟಿಯ ಅಮ್ಮ ಈ ಪಜೀತಿಯನ್ನು ಲೈಬ್ರರಿಯಾಕೆಗೆ ಅವಳ ಭಾಷೆಯಲ್ಲಿ ವಿವರಿಸಿದಳು. ಅವಳು ನಕ್ಕು ಒಪ್ಪಿದಳು. ಅಮ್ಮ ಗಂಟಲು ಸರಿಮಾಡಿಕೊಂಡು “ಹೂಂ” ಅಂದಳು.

“ನಿಂದು ಸುಳ್ಳು ಹೂಂ ಕಣೇ. ಕಥೆ ನಿಂಗೆ ಬಾಯಿಪಾಠ, ಕಣ್ಣು ಬಕೆಟ್ ಮೇಲಿದೆ.”

ಲೈಬ್ರರಿಯಾಕೆಯೂ ಕೈಲಾದ ಸಹಾಯ ಮಾಡಿದಳು. “ಹೂಂ, ಹೂಂ, ಹೂಂ.”

“ಇವಳೊಬ್ಳು! ಕಥೆಗಿಂತ ಮುಂದೆ ಓಡ್ತಾಳೆ,” ಎಂದು ಅಜ್ಜಿ ಕಾಲಮೇಲೆ ಹೊದಿಕೆ ಎಳೆದುಕೊಂಡಳು. “ಗಾಳಿ ಬೀಸ್ತು, ನೆರಳು ಹಾರಿಹೋಯ್ತು. ಅಷ್ಟೇ, ಮುಗೀತು.”

ಎಲ್ಲಿ ಮುಗಿಯಿತು? ನದಿ ದಾಟುವುದಿತ್ತು, ನೆರಳು ಕದ್ದ ಮೋಡದ ಜೊತೆ ಜಗಳವಿತ್ತು. ಇನ್ನೂ ಮುಕ್ಕಾಲು ಪಾಲು ಕಥೆ ಅಜ್ಜಿಯ ಹೊಟ್ಟೆಯಲ್ಲೇ ಇತ್ತು. ಲೈಬ್ರರಿಯಾಕೆಯ ಬೆರಳು ನಿಲ್ಲಿಸುವ ಗುಂಡಿಯತ್ತ ಹೋಯಿತು. ಪುಟ್ಟಿಯ ಅಮ್ಮ ತಟ್ಟನೆ ಅವಳ ಕೈ ಹಿಡಿದಳು.

ಮಂಚದ ಬುಡದಲ್ಲಿ ಪುಟ್ಟಿಯ ಎರಡೂ ಕೈ ಬಾಯಿಂದ ಜಾರಿ ಮಡಿಲಿಗೆ ಬಿದ್ದಿದ್ದವು. ಅವಳು ಬಾಲ್ಕನಿಯ ತಂತಿಯ ಮೇಲೆ ಪಟಪಟಿಸುತ್ತಿದ್ದ ಒದ್ದೆ ಬಟ್ಟೆಗಳನ್ನೊಮ್ಮೆ ನೋಡಿದಳು, ಅಜ್ಜಿಯನ್ನೊಮ್ಮೆ ನೋಡಿದಳು. ತುಟಿ ಎರಡು ಸಲ ತೆರೆದು ಮುಚ್ಚಿತು. ಅಮ್ಮ ಹಿಡಿದ ಕೈ ಬಿಡಲಿಲ್ಲ. ಐದು ವರ್ಷ ಕಾದವಳಿಗೆ ಇನ್ನರೆಕ್ಷಣ ಯಾವ ಲೆಕ್ಕ!

ಆಮೇಲೆ ಮನೆಮಾತಿನಲ್ಲೇ, ಥೇಟ್ ಅಜ್ಜಿಯ ಎಳೆತದಲ್ಲೇ, ಪುಟ್ಟಿ ಕೇಳಿದಳು:

“ಅಜ್ಜೀ, ನೆರಳಿಲ್ದೆ ಮುದುಕಿಗೆ ಚಳಿ ಆಗ್ಲಿಲ್ವಾ?”