ಮೈದುನ ತಂದ ವೈಫೈ

ಲಾಡ್ಜು ನಡೆಸುವವಳು ಅತ್ತಿಗೆ. ಅಲ್ಲಿ ಮೈದುನನಿಗಿದ್ದ ಅಧಿಕಾರ ಬಲ್ಬು ಬದಲಾಯಿಸುವುದಷ್ಟೇ. ಅವನು ಮುಟ್ಟಿದ್ದೆಲ್ಲ ಮೂಲೆ ಸೇರುತ್ತದೆ ಎಂದು ಅವಳ ನಂಬಿಕೆ. ಅಂಥವಳು ಮೊದಲ ಸಲ ಒಂದು ಕೆಲಸವನ್ನು ಪೂರ್ತಿ ಅವನಿಗೆ ಬಿಟ್ಟಳು: ಲಾಡ್ಜಿಗೆ ವೈಫೈ ಹಾಕಿಸುವುದು. ಇದೊಂದು ನೆಟ್ಟಗಾದರೆ ಮುಂದೆಯೂ ತನ್ನನ್ನು ನಂಬುತ್ತಾಳೆ ಎಂದು ಅವನು ಹಿಗ್ಗಿ ಹೀರೇಕಾಯಿಯಾದ.

ಅಂಗಡಿಯಲ್ಲಿ ಎರಡು ಬಗೆಯ ಪೆಟ್ಟಿಗೆಗಳಿದ್ದವು. ಒಂದು ಎಲ್ಲ ಕಡೆ ಇರುವಂಥದ್ದು, ಯಾವ ಕಂಪನಿಯ ಫೋನಿಗಾದರೂ ಸಿಗುವಂಥದ್ದು. ಇನ್ನೊಂದಕ್ಕೆ ಅರ್ಧ ಬೆಲೆ, ದುಪ್ಪಟ್ಟು ವೇಗ; ಆದರೆ ಅದರದೇ ಒಂದು ಕಡ್ಡಿ ಚುಚ್ಚಿದ ಕಂಪ್ಯೂಟರಿಗೆ ಮಾತ್ರ ಸಿಗುತ್ತದೆ.

"ಮತ್ತೆ ಫೋನಿಗೆ?"

"ಅಣ್ಣಾ, ಇದು ಮುಂದೆ ಬರೋ ಸ್ಟ್ಯಾಂಡರ್ಡು," ಎಂದ ಅಂಗಡಿಯವನು. "ಇನ್ನೊಂದು ವರ್ಷಕ್ಕೆ ಎಲ್ಲ ಫೋನಿನವರೂ ಇದಕ್ಕೇ ಬರ್ತಾರೆ, ನೋಡ್ತಿರಿ."

ಮೈದುನ ನೋಡುತ್ತಿರಲು ಒಪ್ಪಿ ಅಗ್ಗದ್ದನ್ನೇ ತಂದ.

ಪೆಟ್ಟಿಗೆ ಕೆಲಸವನ್ನೇನೋ ಮಾಡಿತು. ಮೆಟ್ಟಿಲ ಕೆಳಗಿದ್ದ ಹಳೇ ಕಂಪ್ಯೂಟರಿಗೆ ಕಡ್ಡಿ ಚುಚ್ಚಿದರೆ ಸಿನಿಮಾ ಕುದುರೆಯ ಹಾಗೆ ಓಡಿತು. ಆದರೆ ಅಲ್ಲಿ ಇಳಿಯುವವರೆಲ್ಲ ಊರೂರು ಸುತ್ತುವ ಮಾರಾಟದವರು, ಕೈಯಲ್ಲಿ ಫೋನು ಬಿಟ್ಟರೆ ಬೇರೇನಿಲ್ಲ. ದಪ್ಪ ಗೋಡೆಯ ಕಟ್ಟಡ ಬೇರೆ; ಒಳಗೆ ಫೋನಿನ ಸಿಗ್ನಲ್ಲು ಇಣುಕಿಯೂ ನೋಡುತ್ತಿರಲಿಲ್ಲ.

"ಏನಪ್ಪಾ, ವೈಫೈ ಹಾಕಿಸಿದ್ದು ನಿನಗೊಬ್ಬನಿಗೇನಾ?" ಎಂದಳು ಅತ್ತಿಗೆ.

"ತಡೀರಿ ಅತ್ತಿಗೆ, ವ್ಯವಸ್ಥೆ ಮಾಡ್ತೀನಿ."

ವ್ಯವಸ್ಥೆ ಎಂದರೆ, ಎಲ್ಲರ ಇ-ಮೇಲನ್ನೂ ಆ ಹಳೇ ಕಂಪ್ಯೂಟರಿನಿಂದ ತಾನೇ ಬರೆದು ಕಳಿಸುವುದು. ಗಿರಾಕಿಗಳು ಸಾಲಾಗಿ ನಿಂತು ಹೇಳುವರು, ಇವನು ಕುಟ್ಟುವನು. ತಪ್ಪಾಗಬಾರದೆಂದು ಕೊನೆಗೆ ಗಟ್ಟಿಯಾಗಿ ಓದಿಯೂ ಹೇಳುವನು. ಯಾರಿಗೆ ರಜೆ ಬೇಕು, ಯಾರಿಗೆ ಮಾವನ ಮೇಲೆ ಸಿಟ್ಟು, ಎಲ್ಲವೂ ಇಡೀ ಸಾಲಿಗೇ ಗೊತ್ತಾಯಿತು. ಜನ ನಕ್ಕರು. ನಗದೇ ಇದ್ದವರು ಇಬ್ಬರು: ಶರ್ಟಿನ ಗುಂಡಿ ಮಾರುವ ಎರಡು ಕಂಪನಿಯವರು. ಲಾಡ್ಜಿನ ಹಳೇ ಗಿರಾಕಿಗಳಾದ ಅವರನ್ನು ಎಲ್ಲರೂ ದಪ್ಪ ಗುಂಡಿ, ಸಣ್ಣ ಗುಂಡಿ ಎನ್ನುತ್ತಿದ್ದರು.

"ಡಜನಿಗೆ ನಲವತ್ತು. ಸರಿ ತಾನೆ ಸಾರ್?" ಎಂದು ಮೈದುನ ದಪ್ಪ ಗುಂಡಿಯ ರೇಟನ್ನು ಓದಿದ.

ಹಿಂದೆಯೇ ನಿಂತಿದ್ದ ಸಣ್ಣ ಗುಂಡಿ ಮುಂದೆ ಬಂದ. "ನಂದೂ ಬರ್ಕೊಳ್ಳಪ್ಪ, ಅದೇ ಫ್ಯಾಕ್ಟರಿಗೆ. ಡಜನಿಗೆ ಮೂವತ್ತೊಂಬತ್ತು."

"ಕಳ್ಳ ಕಿವಿ!" ಎಂದು ದಪ್ಪ ಗುಂಡಿ ಅವನ ಕೊರಳಪಟ್ಟಿ ಹಿಡಿದ. ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು. "ಅಮ್ಮಾ, ನನ್ನ ಬಿಲ್ ಮಾಡಿ. ಎದುರಿನ ಲಾಡ್ಜಿಗೆ ಹೋಗ್ತೀನಿ," ಎಂದು ದಪ್ಪ ಗುಂಡಿ ಚೀಲ ತರಲು ಮೆಟ್ಟಿಲು ಹತ್ತಿದ.

ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಮೈದುನನಿಗೆ ಸಮಾಧಾನವಾಗುತ್ತಿತ್ತು. "ಅಗ್ಗಕ್ಕೆ ಸಿಕ್ತು ಅಂತ ಎರಡೂ ಎಡಗಾಲಿನ ಚಪ್ಪಲಿ ತಂದ ಹಾಗಾಯ್ತು," ಎಂದು ಪರ್ಸು ಎತ್ತಿಕೊಂಡಳು. "ಬಿಡು, ನಾನೇ ಹೋಗಿ ತರ್ತೀನಿ."

"ಬೇಡಿ ಅತ್ತಿಗೆ. ಇದೊಂದು ಸಲ ನಾನೇ ಹೋಗ್ತೀನಿ."

ಅವಳು ಅವನ ಮುಖ ನೋಡಿದಳು. ಪರ್ಸು ಅವನ ಕಡೆ ತಳ್ಳಿದಳು. "ಬೆಲೆ ಆಮೇಲೆ ಕೇಳು. ಎಲ್ಲರಿಗೂ ಸಿಗುತ್ತಾ ಅಂತ ಮೊದಲು ಕೇಳು."

ಅಂಗಡಿಯವನು, "ಮುಂದಿನ ವರ್ಷ ನೋಡಿ ಅಣ್ಣಾ..." ಎಂದು ಶುರು ಮಾಡಿದ.

"ಮುಂದಿನ ವರ್ಷ ನೋಡೋಣ. ಈಗ ಇವತ್ತಿಂದು ಕೊಡಿ."

ಮೈದುನ, ಎಲ್ಲರಿಗೂ ಸಿಗುತ್ತಾ ಎಂದು ಬರೀ ಕೇಳಿ ಸುಮ್ಮನಾಗಲಿಲ್ಲ. ಅಲ್ಲೇ ಪೆಟ್ಟಿಗೆ ಹಚ್ಚಿಸಿ, ಅಂಗಡಿಗೆ ಬಂದವರ ಫೋನನ್ನೆಲ್ಲ ಬೇಡಿ ಬೇಡಿ ನೋಡಿದ. ಅಜ್ಜಿಯೊಬ್ಬಳ, ಗಾಜು ಒಡೆದು ರಬ್ಬರ್ ಬ್ಯಾಂಡು ಸುತ್ತಿದ್ದ ಫೋನಿಗೂ ವೈಫೈ ಸಿಕ್ಕ ಮೇಲೆಯೇ ದುಡ್ಡು ಕೊಟ್ಟಿದ್ದು.

ಅವನು ಓಡಿ ಬಂದಾಗ ದಪ್ಪ ಗುಂಡಿ ಚೀಲ ಹಿಡಿದು ಬಾಗಿಲಲ್ಲಿದ್ದ. "ಎರಡು ನಿಮಿಷ ಸಾರ್, ಕಾಲಿಗೆ ಬೀಳ್ತೀನಿ," ಎಂದು ತಡೆದು ಪೆಟ್ಟಿಗೆ ಹಚ್ಚಿದ. ಮಹಡಿಯಿಂದ ಒಂದೊಂದೇ ಫೋನು ಟಿಣ್ ಎನ್ನತೊಡಗಿತು. ದಪ್ಪ ಗುಂಡಿ ತನ್ನ ಫೋನು ನೋಡಿಕೊಂಡ, ಬೆನ್ನನ್ನು ಗೋಡೆಗೆ ಒತ್ತಿ ನಿಂತು ಹೊಸ ರೇಟು ಬರೆದ. ಆಮೇಲೆ ಚೀಲ ಎತ್ತಿಕೊಂಡು ಮತ್ತೆ ಮೇಲಿನ ತನ್ನ ರೂಮಿಗೇ ಹೋದ.

"ನಾಳೆ ಗೀಸರ್ ತರಬೇಕು, ಹೋಗಿ ಬರ್ತೀಯಾ?" ಎಂದಳು ಅತ್ತಿಗೆ, ರಿಜಿಸ್ಟರಿನಿಂದ ಕಣ್ಣೆತ್ತದೆ.

"ಹೂಂ ಅತ್ತಿಗೆ! ಅದರಲ್ಲೂ ಒಂದು ಹೊಸ ಥರದ್ದು ಬಂದಿದೆಯಂತೆ..."

"ಬಾಯಿ ಮುಚ್ಚು," ಎಂದು ಅವಳು ನಕ್ಕಳು.